ಕೌದಿಯಿಂದ ಕಲಿಯಬೇಕಾದ ಕೊಲಾಜ್

ದಸರೆಗೆ ಮೊದಲು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮನೆಮನೆಯ ಹಾಸಿಗೆ-ಹೊದಿಕೆಗಳೆಲ್ಲ ಹೊಳೆಗೋ ಹಳ್ಳಕ್ಕೋ ಕಾಲುವೆಗೋ ಹೋಗುತ್ತವೆ. ಘಟಪ್ರಭೆಯ ದಂಡೆಯಲ್ಲಿ ಒಣಹಾಕಿದ ಕೌದಿಗಳಲ್ಲಿ ಒಂದೊಂದು ಮನೆಯ ಎರಡು ತಲೆಮಾರಿನ ಉಡುಗೆ ಕಾಣಸಿಗುತ್ತದೆ: ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಕೂಸಿನ ಕುಂಚಿಗೆ, ಶಾಲೆಯ ಯೂನಿಫಾರ್ಮು. ಕಾಗದ, ನಮೂನೆ, ಬಟ್ಟೆ ಚೂರುಗಳನ್ನು ಅಂಟಿಸಿ ಉಡುಪಿನ ಚಿತ್ರ ಕಟ್ಟುವ ವಿದ್ಯೆ ಪ್ಯಾರಿಸ್ಸಿನಿಂದ ಬಂದದ್ದೆಂದೇ ನಮ್ಮ ಫ್ಯಾಷನ್ ವಿದ್ಯಾರ್ಥಿಗಳು ನಂಬಿದ್ದಾರೆ. ಅವರ ಪಾಠ ಈ ಕೌದಿಯಿಂದ ಶುರುವಾಗಬೇಕಿತ್ತು ಎಂಬುದು ನನ್ನ ವಾದ.

ಪ್ಯಾರಿಸ್ಸಿನ ಕತೆಯೂ ಇದನ್ನೇ ಹೇಳುತ್ತದೆ. 1911ರಲ್ಲಿ ಚಿತ್ರಕಲಾವಿದೆ ಸೋನಿಯಾ ಡೆಲೋನೆ ತನ್ನ ಹಸುಗೂಸಿಗಾಗಿ ಬಟ್ಟೆ ಚೂರುಗಳ ಹೊದಿಕೆಯೊಂದನ್ನು ಹೊಲಿದಳು. ಉಕ್ರೇನಿನಲ್ಲಿ ಹುಟ್ಟಿದ ಆಕೆಗೆ ರೈತರ ಮನೆಗಳಲ್ಲಿ ಕಂಡ ಹೊದಿಕೆಗಳೇ ಮಾದರಿ. ಪಿಕಾಸೊ ಮತ್ತು ಬ್ರಾಕ್ ಚಿತ್ರದೊಳಗೆ ಕಾಗದ ಅಂಟಿಸಿದ್ದು ಅದರ ಮರುವರ್ಷ. 1913ರಲ್ಲಿ ಸೋನಿಯಾ ಅದೇ ಬಗೆಯಲ್ಲಿ ಬಣ್ಣದ ತುಂಡುಗಳನ್ನು ಕೂಡಿಸಿ ಉಡುಪು ಮಾಡಿ ತೊಟ್ಟಳು. ಆಧುನಿಕ ಉಡುಪು ಚಿತ್ರದ ಒಂದು ಬೇರು ಹಳ್ಳಿಯ ಹೊದಿಕೆಯಲ್ಲೇ ಇದೆ.

ಕೌದಿಯನ್ನು ಹತ್ತಿರ ಕೂತು ನೋಡಬೇಕು. ಹಳೆಯ ಅರಿವೆಯನ್ನು ನೂಲಿನ ಗುಂಟ ಕೈಯಿಂದಲೇ ಹರಿದರೆ ಅದು ನೆಟ್ಟಗೆ ಸೀಳುತ್ತದೆ. ಹಾಗಾಗಿ ಚೌಕ, ಪಟ್ಟಿ ತಾವಾಗಿಯೇ ಸಿಗುತ್ತವೆ. ಚೌಕವನ್ನು ಓರೆಯಾಗಿ ಮಡಿಸಿದರೆ ಮುಕ್ಕೋನೆ. ಸೀರೆಯ ದಡಿ ಗಟ್ಟಿಯಾದ್ದರಿಂದ ಅಂಚಿಗೆ ಹೋಗುತ್ತದೆ, ಮೆತ್ತಗಾದ ಒಡಲು ಒಳಪದರಕ್ಕೆ. ಯಾವ ತುಂಡು ಎಲ್ಲಿ ಕೂಡಬೇಕೆಂಬುದನ್ನು ಬಣ್ಣದಷ್ಟೇ ಬಟ್ಟೆಯ ಕಸುವೂ ತೀರ್ಮಾನಿಸುತ್ತದೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಮೂಲೆಯಿಂದ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆ ಇಲ್ಲ. ಸೂಜಿ ಮುಂದೆ ಹೋದಂತೆಲ್ಲ ಚಿತ್ರ ಗೊತ್ತಾಗುತ್ತದೆ. ಎಳೆ ಎಣಿಸಿ ಹಾಕುವ ಕಸೂತಿಯೂ ಹೀಗೆಯೇ. ಬಟ್ಟೆಯ ಮೇಲೆ ಪೆನ್ಸಿಲ್ ಆಡುವುದಿಲ್ಲ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲೇ ಗೋಪುರ, ತೇರು, ಆನೆ ಅಂಬಾರಿ ಎಲ್ಲ ಮೂಡುತ್ತವೆ.

ಇನ್ನು ಕಾಗದ. ಗೋಕಾಕ ಸೀಮೆಯ ಊರುಗಳ ಟೇಲರ್ ಅಂಗಡಿಯ ಮೊಳೆಗೆ ತೂಗುಹಾಕಿದ ಹಳೆ ಪೇಪರಿನ ಕಟಿಂಗುಗಳನ್ನು ನಾನು ಚಿತ್ರಗಳೆಂದೇ ಎಣಿಸುತ್ತೇನೆ. ಬೆನ್ನು, ತೋಳು, ಕಟೋರಿ ಬ್ಲೌಸಿನ ಬಟ್ಟಲಿನಾಕಾರದ ತುಂಡು, ಕೊರಳಿನ ಕಮಾನು: ಒಂದೊಂದೂ ಒಬ್ಬೊಬ್ಬ ಹೆಣ್ಣುಮಗಳ ಮೈಯ ಅಳತೆ. ಗುಳೇದಗುಡ್ಡದ ಖಣದ ಮೇಲೆ ಆ ಕಾಗದ ಇಟ್ಟಾಗ ನಿಜವಾದ ಕೌಶಲ ಕಾಣುತ್ತದೆ. ಖಣಕ್ಕೆ ಎರಡೂ ಕಡೆ ದಡಿ. ಅದು ತೋಳಿನ ಅಂಚಿಗೆ, ಬೆನ್ನಿನ ಕೆಳಗೆ ಸರಿಯಾಗಿ ಬರಬೇಕು, ಬಟ್ಟೆಯೂ ವ್ಯರ್ಥವಾಗಬಾರದು. ಕಾಗದದ ತುಂಡುಗಳನ್ನು ಅತ್ತಿತ್ತ ಸರಿಸುತ್ತ, ತಿರುಗಿಸುತ್ತ, ಕಡೆಗೊಮ್ಮೆ ಕತ್ತರಿ ಹಾಕುವ ಆ ಟೇಲರ್ ಮಾಡುತ್ತಿರುವುದು ಅಪ್ಪಟ ಕೊಲಾಜ್. ಹೊಲಿಗೆ ತರಗತಿಗಳು ಮಾತ್ರ ಈ ಜೀವಂತಿಕೆಯನ್ನು ಕೊಲ್ಲುತ್ತಿವೆ. ಕಂದು ಹಾಳೆಯಲ್ಲಿ ಕಿರು ಅಳತೆಯ ಫ್ರಾಕು, ಪೆಟಿಕೋಟು ಕತ್ತರಿಸಿ ರೆಕಾರ್ಡ್ ಬುಕ್ಕಿಗೆ ಅಂಟಿಸಿ ಸಹಿ ಹಾಕಿಸಿಕೊಂಡರೆ ಪಾಠ ಮುಗಿಯಿತು. ಅದೇ ಹಾಳೆಗಳಿಂದ ಉಡುಪನ್ನು ಕಲ್ಪಿಸಿಕೊಳ್ಳಬಹುದು ಎಂಬ ಮಾತೇ ಅಲ್ಲಿ ಬರುವುದಿಲ್ಲ.

ಫ್ಯಾಷನ್ ಕಾಲೇಜುಗಳ ದೋಷ ಇದಕ್ಕೆ ತಿರುಗುಮುರುಗು. ಅಲ್ಲಿ ಕಲ್ಪನೆಗೆ ಬರವಿಲ್ಲ, ಬಟ್ಟೆಯ ಮಾತು ಕೇಳುವವರಿಲ್ಲ. ತಲೆಯ ಒಂಬತ್ತರಷ್ಟು ಎತ್ತರದ ತೆಳ್ಳನೆ ಆಕೃತಿ ಮೊದಲೇ ಸಿದ್ಧವಿರುತ್ತದೆ; ಇಳಕಲ್ ಸೀರೆಯ ಫೋಟೋ ಕತ್ತರಿಸಿ ಅದರೊಳಗೆ ತುಂಬುತ್ತಾರೆ. ಪರಿಣಾಮ ಏನಾಗುತ್ತದೆ? ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಕೆಂಪು ರೇಷ್ಮೆಯ ಹಾಸನ್ನೂ ನೇಕಾರ ಕೊಂಡಿ ಹಾಕಿ ಬೆಸೆದಿರುತ್ತಾನೆ. ಕೆಂಪು-ಬಿಳುಪಿನ ಟೋಪ್ ತೆನಿ ವಿನ್ಯಾಸ ಆ ಸೆರಗಿನಲ್ಲಿ ಮಾತ್ರ ಬರುತ್ತದೆ. ಕೊಲಾಜಿನಲ್ಲಿ ಅದು ಮೊಣಕಾಲಿನ ಮೇಲೋ ಸೊಂಟದ ಪಕ್ಕದಲ್ಲೋ ಬಂದು ಬರೀ ಅಲಂಕಾರವಾಗುತ್ತದೆ. ಇನ್ನೊಂದು ತೊಡಕೂ ಇದೆ. ಒಂಬತ್ತು ತಲೆಯ ಆಕೃತಿ ಇರುವುದೇ ಮೈಯ ರೇಖೆ ತೋರಿಸಲು. ತಲೆಯ ಮೇಲೆ ಸೆರಗು ಹೊದ್ದು ಸಂತೆಗೆ ಹೊರಟ ಮೂಡಲಗಿಯ ಹೆಣ್ಣುಮಗಳಲ್ಲಿ ನೆತ್ತಿಯಿಂದ ಸೊಂಟದವರೆಗೆ ಇರುವುದು ಬಟ್ಟೆಯ ಒಂದೇ ಇಳಿಜಾರು. ಅದನ್ನು ಹಿಡಿಯಲು ಬೇರೆಯೇ ಆಕೃತಿ ಬೇಕು.

ಹಾಗೆಂದು ನಮ್ಮ ಪರಂಪರೆಯನ್ನು ತಲೆಯ ಮೇಲೆ ಹೊತ್ತು ಮೆರೆಸುವುದೂ ಬೇಡ. ಕೌದಿಯಲ್ಲಿ ಉಟ್ಟ ಬಟ್ಟೆ ಇದೆ, ಉಟ್ಟವಳಿಲ್ಲ. ಮನುಷ್ಯಾಕೃತಿಯ ಮೇಲೆ ಉಡುಪನ್ನು ಕಟ್ಟಿ ತೋರಿಸುವುದು ಅದರ ಕೆಲಸವೇ ಆಗಿರಲಿಲ್ಲ. ಮಾರಾಟಕ್ಕೆಂದೇ ಹೊಸ ಬಟ್ಟೆಯಲ್ಲಿ, ಒಂದೇ ಅಳತೆಯ ಚೌಕಗಳಲ್ಲಿ ಹೊಲಿಯುವ ಈಗಿನ ಕೌದಿಗಳಂತೂ ನನಗೆ ಸಪ್ಪೆ. ಹಳತು-ಹೊಸತು, ಗಟ್ಟಿ-ಮೆತ್ತನೆಯ ನಡುವಿನ ಜಗ್ಗಾಟ ಅಲ್ಲಿ ಮಾಯ.

ಆಕೃತಿಗಾಗಿ ನೋಡಬೇಕಾದದ್ದು ಬಯಲಾಟದ ಕಡೆಗೆ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಹಗುರ ಮರದ ಕಿರೀಟ, ಭುಜಕೀರ್ತಿಗಳ ಮೇಲೆ ಬೇಗಡೆ, ಕನ್ನಡಿ ಚೂರು ಅಂಟಿಸಿ ನಟನ ಭುಜವನ್ನು ಇಮ್ಮಡಿ ಮಾಡುತ್ತಾರೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನವರಿಂದ ಹೆಸರಾದ ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತ ಇದಕ್ಕೆ ಪ್ರತಿಯಾಗಿ ಸಣ್ಣಾಟದ ಸರಳ ವೇಷದ್ದು. ಅಲ್ಲಿ ಹಾಡು-ಮಾತಿಗೆ ತಕ್ಕ ಮೈಯ ನಿಲುವೇ ಮುಖ್ಯ. ಉಡುಪು ಮೈಯನ್ನು ಹಿಗ್ಗಿಸುವ ಬಗೆ ಒಂದು, ಮೈಯೇ ಉಡುಪನ್ನು ನಡೆಸುವ ಬಗೆ ಇನ್ನೊಂದು. ಉಡುಪು ಚಿತ್ರಕಾರರಿಗೆ ಎರಡೂ ಇಲ್ಲೇ ಸಿಗುತ್ತವೆ.

1880ರ ದಶಕದಿಂದ ಗೋಕಾಕ ಜಲಪಾತದ ಪಕ್ಕದಲ್ಲೇ ನೂಲು ತೆಗೆಯುತ್ತ ಬಂದ ಗಿರಣಿ ಇರುವ ನಾಡಿದು. ಬಟ್ಟೆಯ ತಿಳಿವಳಿಕೆಗೆ ಇಲ್ಲಿ ಕೊರತೆ ಇಲ್ಲ. ವಿದ್ಯಾರ್ಥಿಯ ಕೈಗೆ ಒಂದು ಖಣದಷ್ಟೇ ಅಗಲದ, ಎರಡೂ ಕಡೆ ದಡಿ ಬರೆದ ಕಾಗದ ಕೊಡಬೇಕು. ಅದರಲ್ಲೇ ಕುಪ್ಪಸ ಕತ್ತರಿಸಬೇಕು, ಉಳಿದ ಚೂರುಗಳಲ್ಲೇ ತೊಟ್ಟವಳ ತಲೆ, ತೋಳು, ನಿಲುವು ಕಟ್ಟಬೇಕು, ಒಂದು ತುಂಡೂ ಹೊರಗುಳಿಯಬಾರದು. ಹುಕ್ಕೇರಿಯ ಯಾವ ಹೊಲಿಗೆ ತರಗತಿಯೂ ನಾಳೆಯೇ ಇದನ್ನು ಶುರುಮಾಡಬಹುದು. ಕತ್ತರಿ, ಗೋಂದು, ಹಳೆ ಪೇಪರು ಬಿಟ್ಟರೆ ಬೇರೇನೂ ಬೇಕಿಲ್ಲ.