ಹವಳದ ತೊಟ್ಟಿಗೆ ಹಸಿರು ದ್ರಾವಣ: ಲೆಕ್ಕ ತಾಳೆಯಾಗುತ್ತದೆಯೇ?

ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ, ಸ್ಪಂಜು, ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸದ ಬಗ್ಗೆ ನೀವು ಕೇಳಿರಬಹುದು. ಇಂತಹ ತೊಟ್ಟಿಗೆ ರೀಫ್ ಅಕ್ವೇರಿಯಂ ಎಂದು ಹೆಸರು. ಇದನ್ನು ಇಟ್ಟವರಿಗೆ ನಿತ್ಯದ ತಲೆನೋವು ನೈಟ್ರೇಟ್ ಮತ್ತು ಫಾಸ್ಫೇಟ್. ಮೀನಿಗೆ ಹಾಕುವ ಆಹಾರದಲ್ಲಿನ ಸಾರಜನಕ ಹಾಗೂ ರಂಜಕದ ಬಹುಪಾಲು ಕೊನೆಗೆ ಈ ರೂಪದಲ್ಲಿ ನೀರಿನಲ್ಲಿ ಸೇರಿಕೊಳ್ಳುತ್ತದೆ. ಇವು ಮಿತಿಮೀರಿದರೆ ಬೇಡದ ಪಾಚಿ ಬೆಳೆದು ಹವಳವನ್ನೇ ಮುಚ್ಚಿಬಿಡುತ್ತದೆ.

ಇದಕ್ಕೊಂದು ಸುಲಭೋಪಾಯ ಪ್ರಚಾರದಲ್ಲಿದೆ. ಜೀವಂತ ಸಸ್ಯಪ್ಲವಕದ, ಅಂದರೆ ನೀರಿನಲ್ಲಿ ತೇಲುವ ಏಕಕೋಶ ಶೈವಲಗಳ ಹಸಿರು ದ್ರಾವಣವನ್ನು ದಿನವೂ ತೊಟ್ಟಿಗೆ ಸುರಿಯಿರಿ, ಅದು ಪೋಷಕಾಂಶಗಳನ್ನು ಹೀರಿ ನೀರನ್ನು ಶುದ್ಧವಾಗಿಡುತ್ತದೆ ಎಂಬುದು ಆ ಸಲಹೆ. ಹೀರುತ್ತದೆ ಎಂಬ ಮಾತು ನಿಜ. ಆದರೆ ಹೀರಿದ್ದು ಎಲ್ಲಿ ಹೋಯಿತು? ಭೌತವಿಜ್ಞಾನದ ಮೇಷ್ಟ್ರಿಗೆ ಹವಳದ ತೊಟ್ಟಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ದ್ರವ್ಯರಾಶಿಯ ಸಂರಕ್ಷಣಾ ನಿಯಮ ಸಮುದ್ರಕ್ಕೂ ತೊಟ್ಟಿಗೂ ಒಂದೇ. ಆ ನಿಯಮ ಹಿಡಿದು ಜಮಾಖರ್ಚು ನೋಡುವುದಷ್ಟೇ ನನ್ನ ಕೆಲಸ.

ಸಮುದ್ರದ ಪ್ಲವಕಗಳ ಸಂಯೋಜನೆಯಲ್ಲಿ ಒಂದು ಕ್ರಮವಿದೆಯೆಂದು ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ತೋರಿಸಿದರು. ಮುಂದೆ ಇದು ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳ ಸಂಖ್ಯೆ 106:16:1 ಎಂಬ ಅನುಪಾತವಾಗಿ ಪ್ರಸಿದ್ಧವಾಯಿತು. ಇದು ಸರಾಸರಿ ಮಾತ್ರ. ಆದರೂ ನಮ್ಮ ಅಂದಾಜಿಗೆ ಸಾಕು. ಇದರಂತೆ ಪ್ಲವಕದ ಒಣತೂಕದಲ್ಲಿ ಸಾರಜನಕದ ಪಾಲು ಸುಮಾರು ಶೇ. 6.

200 ಲೀಟರಿನ ತೊಟ್ಟಿಯೊಂದರಲ್ಲಿ ನೈಟ್ರೇಟನ್ನು ಲೀಟರಿಗೆ 20 ಮಿಲಿಗ್ರಾಂನಿಂದ 10ಕ್ಕೆ ಇಳಿಸಬೇಕೆಂದು ಭಾವಿಸಿ. ತೆಗೆಯಬೇಕಾದ ನೈಟ್ರೇಟ್ 2 ಗ್ರಾಂ. ನೈಟ್ರೇಟಿನ 62 ಭಾಗದಲ್ಲಿ ಸಾರಜನಕ 14 ಭಾಗ. ಹಾಗಾಗಿ ಅದರಲ್ಲಿರುವ ಸಾರಜನಕ 0.45 ಗ್ರಾಂ. ಇಷ್ಟನ್ನು ಹೀರಲು ತೊಟ್ಟಿಯೊಳಗೇ ಸುಮಾರು 7 ಗ್ರಾಂ ಒಣತೂಕದಷ್ಟು ಪ್ಲವಕ ಹೊಸದಾಗಿ ಬೆಳೆಯಬೇಕು. ಸೀಸೆಯಿಂದ ಸುರಿದದ್ದು ಈ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅದರ ಸಾರಜನಕ ಸೀಸೆಯ ಗೊಬ್ಬರದಿಂದ ಬಂದದ್ದು. ಈ 7 ಗ್ರಾಂ ನೀರಿನಲ್ಲೇ ಉಳಿದರೆ ಲೀಟರಿಗೆ 35 ಮಿಲಿಗ್ರಾಂ ಆಗುತ್ತದೆ. ತೊಟ್ಟಿ ಹಸಿರು ಕೆರೆಯಂತಾಗಿ ಹವಳ ಕಣ್ಣಿಗೇ ಕಾಣದು, ಹವಳಕ್ಕೆ ಬೇಕಾದ ಬೆಳಕೂ ತಲುಪದು. ಸಲಹೆ ಕೊಡುವವರ ತೊಟ್ಟಿಯ ನೀರಾದರೋ ತಿಳಿಯಾಗಿರುತ್ತದೆ. ಅಂದರೆ ಪ್ಲವಕ ಅಲ್ಲಿ ಬೆಳೆದು ನಿಲ್ಲುತ್ತಿಲ್ಲ. ಅದನ್ನು ಜೀವಿಗಳು ತಿನ್ನುತ್ತಿವೆ, ಇಲ್ಲವೇ ಶೋಧಕಗಳು ಹಿಡಿಯುತ್ತಿವೆ.

ತಿಂದರೆ ಏನಾಗುತ್ತದೆ? ಸಾರಜನಕದ ಒಂದು ಪಾಲು ತಿಂದ ಜೀವಿಯ ದೇಹಕ್ಕೆ ಸೇರುತ್ತದೆ. ಉಳಿದದ್ದು ಅಮೋನಿಯವಾಗಿ ನೀರಿಗೆ ಮರಳಿ, ಬ್ಯಾಕ್ಟೀರಿಯಾಗಳ ಮೂಲಕ ಮತ್ತೆ ನೈಟ್ರೇಟ್ ಆಗುತ್ತದೆ. ಇದು ಕಸವನ್ನು ಮೂಲೆಗೆ ಗುಡಿಸಿದಂತೆ, ಮನೆಯಿಂದ ಹೊರಹಾಕಿದಂತಲ್ಲ.

ಇನ್ನು ಸೀಸೆಯ ಕಡೆ ನೋಡಿ. ಪ್ಲವಕ ಬೆಳೆಸಲು ಬಹಳವಾಗಿ ಬಳಸುವ ಎಫ್/2 ಮಾಧ್ಯಮದಲ್ಲಿ ಲೀಟರಿಗೆ 75 ಮಿಲಿಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ. ಇದರಲ್ಲಿ ಸಾರಜನಕ ಸುಮಾರು 12 ಮಿಲಿಗ್ರಾಂ. ಅದು ಕೋಶದೊಳಗಿರಲಿ, ನೀರಿನಲ್ಲಿರಲಿ, ಸುರಿದಾಗ ತೊಟ್ಟಿಗೇ ಬರುತ್ತದೆ. ದಿನಕ್ಕೆ 100 ಮಿಲಿಲೀಟರ್ ಸುರಿದರೆ ತಿಂಗಳಿಗೆ ಸುಮಾರು 37 ಮಿಲಿಗ್ರಾಂ ಸಾರಜನಕ ಸೇರಿದಂತಾಯಿತು. ನಮ್ಮ ತೊಟ್ಟಿಯಲ್ಲಿ ಇದು ಲೀಟರಿಗೆ 0.8 ಮಿಲಿಗ್ರಾಂ ನೈಟ್ರೇಟಿಗೆ ಸಮ. ಪರಿಮಾಣ ಚಿಕ್ಕದೇ, ಒಪ್ಪೋಣ. ಆದರೆ ಅದರ ಚಿಹ್ನೆ ಋಣವಲ್ಲ, ಧನ!

ಹಾಗಾದರೆ ನೈಟ್ರೇಟ್ ಇಳಿಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಪರೀಕ್ಷಾ ಕಿಟ್ ನೀರಿನಲ್ಲಿ ಕರಗಿರುವ ನೈಟ್ರೇಟನ್ನು ಮಾತ್ರ ಅಳೆಯುತ್ತದೆ, ಕೋಶದೊಳಗೆ ಅಡಗಿದ್ದನ್ನಲ್ಲ. ಜೊತೆಗೆ ನೊರೆಯ ಮೂಲಕ ಸಾವಯವ ವಸ್ತುವನ್ನು ಎತ್ತಿಹಾಕುವ ಪ್ರೋಟೀನ್ ಸ್ಕಿಮ್ಮರ್ ಒಂದಿಷ್ಟು ಕೋಶಗಳನ್ನೂ ಹೊರಹಾಕಬಹುದು. ಆಮ್ಲಜನಕವಿಲ್ಲದ ಮರಳಿನ ಆಳದಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಈ ದಾರಿಯೂ ಇಲ್ಲ. ಇಳಿಕೆ ನಿಜವಾಗಿದ್ದರೂ ಅದಕ್ಕೆ ಪ್ಲವಕವೇ ಕಾರಣ ಎನ್ನಲು ಹೋಲಿಕೆಗೆ ಇನ್ನೊಂದು ತೊಟ್ಟಿ ಬೇಕು.

ಶೈವಲದಿಂದ ನೀರನ್ನು ಶುದ್ಧೀಕರಿಸುವುದು ಅಸಾಧ್ಯವೆಂದು ನಾನು ಹೇಳುತ್ತಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು ಜಾಲರಿಯ ಮೇಲೆ ಪಾಚಿ ಬೆಳೆಸಿ, ಆಗಾಗ ಕೆರೆದು ತೆಗೆಯುವ ಸಾಧನವನ್ನು ರೂಪಿಸಿ 1982ರಲ್ಲಿ ಪೇಟೆಂಟ್ ಪಡೆದರು. ಆಸ್ಟ್ರೇಲಿಯದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಬೃಹತ್ ಹವಳ ಅಕ್ವೇರಿಯಂ ಆರಂಭದಲ್ಲಿ ಇದೇ ವಿಧಾನವನ್ನು ಬಳಸಿತು. ಇಲ್ಲಿ ಕೆಲಸ ಮಾಡುವುದು ಕೆರೆದು ತೆಗೆಯುವ ಕ್ರಿಯೆ. ಏಕಕೋಶ ಪ್ಲವಕವನ್ನು ಕೈಯಿಂದ ಕೊಯ್ಯಲಾಗದು ಎಂಬುದೇ ಅದರ ಮಿತಿ.

ಪ್ಲವಕದ ನಿಜವಾದ ಉಪಯೋಗ ಆಹಾರವಾಗಿ. ಕೋಪೆಪಾಡ್, ಚಿಪ್ಪುಜೀವಿ, ಸ್ಪಂಜುಗಳಿಗೆ ಅದು ಮೃಷ್ಟಾನ್ನ. ಹ್ಯಾಚರಿಗಳಲ್ಲಿ ಸೀಗಡಿ ಮರಿಗಳಿಗೂ ಅದನ್ನೇ ಉಣಿಸುತ್ತಾರೆ. ಆದರೆ ಊಟವನ್ನು ಪೊರಕೆ ಎಂದು ಕರೆಯಬಾರದು. ಪೊರಕೆಯೆಂದೇ ನಂಬಿ ನೀರು ಬದಲಿಸುವುದನ್ನು ನಿಲ್ಲಿಸಿದರೆ ಅದರ ಬೆಲೆ ತೆರುವುದು ಹವಳ.

ಶಿಕ್ಷಕರು ಇದನ್ನು ಪ್ರಯೋಗಾಲಯದಲ್ಲೇ ಪರೀಕ್ಷಿಸಬಹುದು. ಮೂರು ಜಾಡಿಗಳಲ್ಲಿ ನೈಟ್ರೇಟ್ ಬೆರೆಸಿದ ಉಪ್ಪುನೀರನ್ನು ಸಮನಾಗಿ ತೆಗೆದುಕೊಳ್ಳಿ. ಒಂದಕ್ಕೆ ಜೀವಂತ ಪ್ಲವಕ, ಎರಡನೆಯದಕ್ಕೆ ಕುದಿಸಿ ಆರಿಸಿದ ಪ್ಲವಕ ಹಾಕಿ. ಮೂರನೆಯದಕ್ಕೆ ಅಷ್ಟೇ ಪ್ರಮಾಣದ ಬರಿಯ ಉಪ್ಪುನೀರು ಸೇರಿಸಿ. ಎರಡು ವಾರ ಬೆಳಕಿನಲ್ಲಿಟ್ಟು ನೈಟ್ರೇಟ್ ಅಳೆಯಿರಿ. ಬಳಿಕ ಮೂರನ್ನೂ ಕೆಲವು ವಾರ ಕತ್ತಲಲ್ಲಿಟ್ಟು ಅಮೋನಿಯ, ನೈಟ್ರೇಟ್ ಎರಡನ್ನೂ ಅಳೆಯಿರಿ. ಮೊದಲ ಜಾಡಿಯಲ್ಲಿ ಮಾಯವಾದದ್ದು ಎಷ್ಟು ಮರಳಿ ಬಂತು? ಉತ್ತರವನ್ನು ಮಕ್ಕಳೇ ಬರೆಯಲಿ.