ತಿದ್ದಿದ ಕಣ್ಣಿನಲ್ಲಿ ಅಳಿಸಿಹೋಗುವುದೇನು?

ಫೋಟೋ ತಿದ್ದುವ ತಂತ್ರಾಂಶಗಳ ಯಾವುದಾದರೂ ಕೈಪಿಡಿಯನ್ನು ತೆರೆದು ನೋಡಿ. ಭಾವಚಿತ್ರದ ಅಧ್ಯಾಯದಲ್ಲಿ ಕಣ್ಣಿಗೆಂದು ಒಂದು ಸಿದ್ಧ ಪಾಕವಿಧಾನ ಇದ್ದೇ ಇರುತ್ತದೆ. ಬಿಳಿಗುಡ್ಡೆಯನ್ನು ಇನ್ನಷ್ಟು ಬೆಳ್ಳಗೆ ಮಾಡಿ, ಅದರ ಮೇಲಿನ ಕೆಂಪು ನಾಳಗಳನ್ನು ಅಳಿಸಿ, ಐರಿಸ್‌ನ ಗೆರೆಗಳನ್ನು ಎದ್ದು ಕಾಣಿಸಿ, ಪಾಪೆಯನ್ನು ಕಪ್ಪಾಗಿಸಿ, ಕೊನೆಗೆ ಹೊಳೆಯುವ ಒಂದು ಚುಕ್ಕೆ ಇಡಿ. ಇಷ್ಟಾದರೆ ಕಣ್ಣಿಗೆ ಜೀವ ಬಂತಂತೆ! ಹೀಗೆ ತಿದ್ದಿದ ಕಣ್ಣು ಚೆಂದವೋ ಅಲ್ಲವೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ತಿದ್ದುವಾಗ ಅಳಿಸಿಹೋಗುವುದು ಏನು ಎಂಬುದೇ ಪ್ರಶ್ನೆ.

ಮೊದಲು ಆ ಚುಕ್ಕೆಯನ್ನೇ ತೆಗೆದುಕೊಳ್ಳೋಣ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯ ಒಂದು ಪೀನ ದರ್ಪಣದಂತೆ ವರ್ತಿಸುತ್ತದೆ. ಅದರ ವಕ್ರತಾ ತ್ರಿಜ್ಯ ಸುಮಾರು 7.8 ಮಿ.ಮೀ., ಆದ್ದರಿಂದ ಸಂಗಮದೂರ 3.9 ಮಿ.ಮೀ. ಅದರ ವಕ್ರೀಭವನ ಸೂಚ್ಯಂಕ 1.376. ಲೆಕ್ಕ ಹಾಕಿದರೆ, ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 2.5ರಷ್ಟು ಮಾತ್ರ ಪ್ರತಿಫಲನಗೊಳ್ಳುತ್ತದೆ. ಹಿಂದೆ ಕಪ್ಪು ಪಾಪೆ ಇರುವುದರಿಂದ ಅಷ್ಟೇ ಸಾಕು, ಬಿಂಬ ಎದ್ದು ಕಾಣುತ್ತದೆ. ನಿಮ್ಮಿಂದ 2 ಮೀಟರ್ ದೂರದಲ್ಲಿ 1 ಮೀಟರ್ ಅಗಲದ ಕಿಟಕಿ ಇದೆ ಎನ್ನಿ. ನಿಮ್ಮ ಕಣ್ಣಿನಲ್ಲಿ ಅದರ ಮಿಥ್ಯಾ ಬಿಂಬದ ಅಗಲ ಸುಮಾರು 2 ಮಿ.ಮೀ., ಅಂದರೆ ಐರಿಸ್‌ನ ಅಗಲದ ಆರನೇ ಒಂದು ಭಾಗ. ಇದಕ್ಕೆ ಹತ್ತನೆಯ ತರಗತಿಯ ದರ್ಪಣ ಸೂತ್ರವೇ ಸಾಕು.

ಹಾಗಾಗಿ ಈ ಚುಕ್ಕೆ ಅಲಂಕಾರವಲ್ಲ, ಚಿತ್ರ ತೆಗೆದ ಜಾಗದ ಪುಟ್ಟ ನಕ್ಷೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕೊ ನಿಶಿನೊ ಮತ್ತು ಶ್ರೀ ನಾಯರ್ ಅವರು 2004ರಲ್ಲೇ ಕಾರ್ನಿಯದ ಪ್ರತಿಬಿಂಬದಿಂದ ಸುತ್ತಲಿನ ದೃಶ್ಯವನ್ನು ಮರಳಿ ಪಡೆಯಬಹುದೆಂದು ತೋರಿಸಿದರು. 2007ರಲ್ಲಿ ಮೈಕಾ ಜಾನ್ಸನ್ ಮತ್ತು ಹ್ಯಾನಿ ಫರೀದ್ ಇದೇ ಚುಕ್ಕೆಗಳಿಂದ ಬೆಳಕಿನ ದಿಕ್ಕನ್ನು ಅಂದಾಜಿಸಿ, ಬೇರೆ ಬೇರೆ ಚಿತ್ರಗಳಿಂದ ಕತ್ತರಿಸಿ ಜೋಡಿಸಿದ ಗುಂಪುಚಿತ್ರಗಳನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದರು. ಪಕ್ಕಪಕ್ಕದಲ್ಲಿ ನಿಂತ ಇಬ್ಬರ ಕಣ್ಣುಗಳು ಬೆಳಕು ಬಂದ ದಿಕ್ಕಿನ ಬಗ್ಗೆ ಬೇರೆ ಬೇರೆ ಸಾಕ್ಷಿ ಹೇಳಿದರೆ ಚಿತ್ರದಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ತಿದ್ದುವವರು ಇದನ್ನೆಲ್ಲ ಯೋಚಿಸುವುದಿಲ್ಲ. ಚೆನ್ನಾಗಿ ಮೂಡಿದ ಒಂದು ಕಣ್ಣನ್ನು ನಕಲು ಮಾಡಿ, ಮಗುಚಿ, ಇನ್ನೊಂದರ ಮೇಲೆ ಕೂರಿಸುತ್ತಾರೆ. ಆಗ ಚುಕ್ಕೆ ಒಂದು ಕಣ್ಣಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ! ಕೋಣೆಗೆ ಇದ್ದದ್ದು ಒಂದೇ ಕಿಟಕಿ.

ಬಿಳಿಗುಡ್ಡೆಯ ವಿಷಯವೂ ಹೀಗೆಯೇ. ಅದು ಗೋಳ. ರೆಪ್ಪೆಯ ನೆರಳು ಬಿದ್ದು ಅಂಚಿನ ಕಡೆ ಮಬ್ಬಾಗಲೇಬೇಕು. ಆ ಮಬ್ಬನ್ನು ತೆಗೆದರೆ ಕಾಗದ ಕತ್ತರಿಸಿ ಅಂಟಿಸಿದಂತೆ ಕಣ್ಣು ಚಪ್ಪಟೆಯಾಗುತ್ತದೆ. ಕಾಮಾಲೆಯ ಹಳದಿ ಮೊದಲು ಕಾಣಿಸಿಕೊಳ್ಳುವುದೂ ಇಲ್ಲೇ ಎಂಬುದು ಬೇರೆ ಮಾತು.

ಐರಿಸ್‌ನ ಗೆರೆಗಳಿಗೆ ಬರೋಣ. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆಫ್ಘನ್ ಹುಡುಗಿಯ ಚಿತ್ರವನ್ನು ನೀವು ನೋಡಿರುತ್ತೀರಿ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಆ ಹಸಿರು ಕಣ್ಣುಗಳು ಲೋಕಪ್ರಸಿದ್ಧ. ಹುಡುಗಿಯ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2002ರಲ್ಲಿ ಶರ್ಬತ್ ಗುಲಾ ಎಂಬ ಮಹಿಳೆ ಸಿಕ್ಕಾಗ ಆಕೆಯೇ ಈಕೆ ಎಂದು ಖಚಿತಪಡಿಸುವುದು ಹೇಗೆ? ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ಎರಡೂ ಕಾಲದ ಚಿತ್ರಗಳಿಂದ ಐರಿಸ್‌ನ ವಿನ್ಯಾಸವನ್ನು ಸಂಕೇತಗಳಾಗಿ ಬದಲಿಸಿ ಹೋಲಿಸಿದರು. ವ್ಯತ್ಯಾಸದ ಪ್ರಮಾಣ ಎಡಗಣ್ಣಿಗೆ 0.24, ಬಲಗಣ್ಣಿಗೆ 0.31 ಬಂತು. ಬೇರೆ ಬೇರೆ ವ್ಯಕ್ತಿಗಳ ಕಣ್ಣುಗಳಲ್ಲಿ ಇದು 0.5ರ ಆಸುಪಾಸಿನಲ್ಲಿರುತ್ತದೆ. ಬಲಗಣ್ಣಿನ ಹೋಲಿಕೆ ಬರೀ ಆಕಸ್ಮಿಕವಾಗಿರುವ ಸಂಭವ 60 ಲಕ್ಷದಲ್ಲಿ ಒಂದು; ಎಡಗಣ್ಣಿನದು ಅದಕ್ಕಿಂತ ಎಷ್ಟೋ ಕಡಿಮೆ.

ಇದು ಸಾಧ್ಯವಾದದ್ದು ಫಿಲ್ಮಿನ ಮೇಲೆ ಮೂಡಿದ ಎಳೆಗಳು ಆಕೆಯವೇ ಆಗಿದ್ದರಿಂದ. ಇಂದಿನ ಪಾಕವಿಧಾನದಂತೆ ಆ ಎಳೆಗಳ ಮೇಲೆ ಕುಂಚವಾಡಿಸಿ, ಬೇರೆ ಕಣ್ಣಿನ ವಿನ್ಯಾಸವನ್ನು ಹೊದಿಸಿ, ಅದೊಂದೇ ಪ್ರತಿಯನ್ನು ಉಳಿಸಿಕೊಂಡಿದ್ದರೆ ಡಾಗ್‌ಮನ್ ಏನನ್ನು ಅಳೆಯಬೇಕಿತ್ತು?

ಕೆಂಗಣ್ಣಿನ ವಿಷಯ ಇನ್ನೂ ಗಂಭೀರ. ಫ್ಲಾಶ್ ದೀಪ ಲೆನ್ಸಿಗೆ ತೀರ ಹತ್ತಿರವಿದ್ದರೆ ಬೆಳಕು ಪಾಪೆಯ ಮೂಲಕ ಒಳಹೊಕ್ಕು, ಕಣ್ಣಿನ ಹಿಂಭಾಗದ ರಕ್ತಮಯ ಪದರದಿಂದ ಕೆಂಪಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ, ಕಣ್ಣಿನ ಒಳಭಾಗವನ್ನು ನೋಡುವ ಉಪಕರಣದ ತತ್ವವೂ ಇದೇ. ಫೋಟೋಶಾಪ್‌ನಲ್ಲಿ 2005ರ ಸಿಎಸ್2 ಆವೃತ್ತಿಯಿಂದ ಇದಕ್ಕೊಂದು ಪ್ರತ್ಯೇಕ ಸಾಧನವಿದೆ: ಕೆಂಪನ್ನು ಗುರುತಿಸು, ಬಣ್ಣ ಕಳೆ, ಕಪ್ಪು ಮಾಡು. ಕೆಂಪು ಕ್ಯಾಮರಾದ ಸೃಷ್ಟಿ, ತೆಗೆಯಲಿ ಬಿಡಿ. ಆದರೆ ಪುಟ್ಟ ಮಗುವಿನ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ? ಅದು ರೆಟಿನೊಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರಿನ ಅಥವಾ ಹುಟ್ಟಿನಿಂದ ಬಂದ ಪೊರೆಯ ಸೂಚನೆಯಾಗಿರಬಹುದು. ಕೆಲವೊಮ್ಮೆ ಬರೀ ಕೋನದ ಆಟವೂ ಹೌದು, ಗಾಬರಿ ಬೇಡ. ಆದರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಬೇಕು. ಬೇಲರ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಬ್ರಯನ್ ಶಾ ತಮ್ಮ ಮಗನಿಗೆ ಈ ಕಾಯಿಲೆ ಇರುವುದು ತಿಳಿದ ಮೇಲೆ ಮನೆಯ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದರು. ಮಗುವಿಗೆ 12 ದಿನವಾಗಿದ್ದಾಗ ತೆಗೆದ ಚಿತ್ರದಲ್ಲೇ ಆ ಬಿಳಿ ಹೊಳಪಿತ್ತು! ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಂದವಾಗಿಲ್ಲವೆಂದು ಆ ಪಾಪೆಗಳಿಗೆ ಕಪ್ಪು ಬಳಿದು ಇಟ್ಟಿದ್ದರೆ ಅಲ್ಲಿ ನೋಡಲು ಏನೂ ಉಳಿದಿರುತ್ತಿರಲಿಲ್ಲ.

ಭಾವಚಿತ್ರವೆಂದರೆ ಪ್ರಯೋಗಾಲಯದ ದಾಖಲೆಯೇನಲ್ಲ ಎಂದು ನೀವು ವಾದಿಸಬಹುದು. ಒಪ್ಪುವ ಮಾತೇ. ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ ಮೊಲದ ಕಣ್ಣಿನಲ್ಲೂ ಕಿಟಕಿಯೊಂದು ಹೊಳೆಯುತ್ತದೆ; ಅದು ಚಿತ್ರಕಾರನ ಕೈಕೆಲಸವೆಂದು ಎಲ್ಲರಿಗೂ ಗೊತ್ತು. ಇಡೀ ಚಿತ್ರದ ಬೆಳಕನ್ನು ಹೊಂದಿಸುವುದಕ್ಕೂ ನನ್ನ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಮೂಲ ಪ್ರತಿಯನ್ನು ಉಳಿಸದೆ ತಿದ್ದುವುದಕ್ಕೆ, ಅದರಲ್ಲೂ ಯಾರೂ ಕೇಳದೆಯೇ ಮುಖವನ್ನು ತಿದ್ದಿ ಕೊಡುವ ಫೋನುಗಳಿಗೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದ ಹಿಂದಿನ ಸ್ಟುಡಿಯೋದವರಿಗೆ ತಾವು ಎಲ್ಲಿ ಕೈಯಿಟ್ಟೆವು ಎಂಬುದಾದರೂ ಗೊತ್ತಿರುತ್ತಿತ್ತು.

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ವಿದ್ಯಾರ್ಥಿಯೊಬ್ಬನನ್ನು ಕಿಟಕಿಯಿಂದ 2 ಮೀಟರ್ ದೂರದಲ್ಲಿ, ಕಿಟಕಿಯ ಕಡೆ ಮುಖಮಾಡಿ ನಿಲ್ಲಿಸಿ. ಫ್ಲಾಶ್ ಇಲ್ಲದೆ ಹತ್ತಿರದಿಂದ ಒಂದು ಚಿತ್ರ ತೆಗೆಯಿರಿ. ಫೋನಿನ ಸೌಂದರ್ಯ ಆಯ್ಕೆಯನ್ನು ಚಾಲೂ ಮಾಡಿ ಇನ್ನೊಂದು ತೆಗೆಯಿರಿ. ಎರಡನ್ನೂ ಹಿಗ್ಗಿಸಿ, ಕಿಟಕಿಯ ಬಿಂಬಕ್ಕೂ ಐರಿಸ್‌ಗೂ ಇರುವ ಅಗಲದ ಅನುಪಾತವನ್ನು ಅಳೆಯಿರಿ. ಕಿಟಕಿಯ ಸರಳುಗಳು ಯಾವ ಚಿತ್ರದಲ್ಲಿ ಉಳಿದಿವೆ, ಎಷ್ಟನ್ನು ಎಣಿಸಬಹುದು ಎಂಬುದನ್ನೂ ಬರೆದುಕೊಳ್ಳಿ.