ತರಬೇತಿ ಮುಗಿದ ಮೇಲಿನ ಎರಡು ವರ್ಷ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತರೆ ಈ ಬಡಾವಣೆ ಯಾರ ಕೈಯಲ್ಲಿ ನಡೆಯುತ್ತಿದೆ ಎಂಬುದು ಕಾಣುತ್ತದೆ. ಎಸಿ ರಿಪೇರಿಯವರು, ಪ್ಲಂಬರುಗಳು, ನೀರಿನ ಫಿಲ್ಟರ್ ಬದಲಿಸುವವರು, ಬಡಗಿಗಳು ಒಬ್ಬೊಬ್ಬರಾಗಿ ರಿಜಿಸ್ಟರಿನಲ್ಲಿ ಹೆಸರು ಬರೆದು ಒಳಗೆ ಹೋಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಇನ್ನೂ ಮೀಸೆ ಚಿಗುರುತ್ತಿರುವ ಹುಡುಗರು. ಕುಂದಲಹಳ್ಳಿ, ಮುನ್ನೇಕೊಳಾಲ, ತೂಬರಹಳ್ಳಿಯ ಶೆಡ್ಡುಗಳಲ್ಲಿ, ಒಂಟಿ ಕೋಣೆಗಳಲ್ಲಿ ಇರುವವರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳೂ ಅವರಲ್ಲಿದ್ದಾರೆ. ಕೆಲಸಕ್ಕೆ ಇಲ್ಲಿ ಬರವಿಲ್ಲ. ಆದರೆ ಕೆಲಸ ಕಂಪನಿಯದು, ಗಿರಾಕಿ ಆ್ಯಪಿನವರು, ಸಲಕರಣೆ ಮೇಸ್ತ್ರಿಯದು. ಹುಡುಗನದು ಅಂತ ಇರುವುದು ಅವನ ಎರಡು ಕೈ, ಹೆಚ್ಚೆಂದರೆ ಕಂತು ಕಟ್ಟುತ್ತಿರುವ ಒಂದು ಬೈಕು.

ಬಡ ಮನೆಯ ಮಕ್ಕಳಿಗೆ ಕಸುಬು ಕಲಿಸುವ ಕಾರ್ಯಕ್ರಮ ಯಾವುದೇ ಇರಲಿ, ಅದರ ಮುಂದೆ ನಾನು ಇಡುವ ಪ್ರಶ್ನೆ ಒಂದೇ. ಪ್ರಮಾಣಪತ್ರ ಕೈಗೆ ಬಂದ ಮಾರನೆಯ ದಿನದಿಂದ ಆ ಹುಡುಗನ, ಆ ಹುಡುಗಿಯ ಜೊತೆ ಯಾರಿರುತ್ತಾರೆ?

2015ರ ಜುಲೈನಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ. ಅದರ ಎರಡನೆಯ ಹಂತದಲ್ಲಿ ತರಬೇತಿ ಕೇಂದ್ರಗಳಿಗೆ ಹಣ ಕಂತುಗಳಲ್ಲಿ ಬರುತ್ತಿತ್ತು. ಪ್ರಮಾಣಪತ್ರ ಕೊಡುವ ಹೊತ್ತಿಗೆ ಶೇ 80 ಸಂದಾಯ. ಕೆಲಸ ಕೊಡಿಸಿದ್ದಕ್ಕೆ ಉಳಿದಿದ್ದು ಶೇ 20. ಹಣ ಎಲ್ಲಿಗೆ ಮುಗಿಯುತ್ತದೋ ಕಾಳಜಿಯೂ ಅಲ್ಲಿಗೇ ಮುಗಿಯುತ್ತದೆ. ಎಷ್ಟು ಜನ ಕಲಿತರು ಎಂಬ ಲೆಕ್ಕ ಬೆಳೆಯುತ್ತ ಹೋಯಿತು, ಕಲಿತವರು ಮುಂದೆ ಏನಾದರು ಎಂದು ಕೇಳುವವರು ಕಡಿಮೆಯಾದರು.

ಇದಕ್ಕಿಂತ ಮೂರು ದಶಕ ಮೊದಲೇ ನಮ್ಮ ರಾಜ್ಯದಲ್ಲಿ ಬೇರೊಂದು ದಾರಿ ತೆರೆದಿತ್ತು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯನ್ನು ನಾನು ಕರ್ನಾಟಕ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆಗಳ ಸಾಲಿನಲ್ಲಿ ಇಡುತ್ತೇನೆ. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಕಸುಬಿನ ಪಾಠ ಅದರಲ್ಲಿ ಒಂದು ಭಾಗ ಮಾತ್ರ. ಉದ್ಯಮಶೀಲತೆಯ ಪಾಠಕ್ಕೆ ಅಲ್ಲಿ ರಿಂಗ್ ಎಸೆಯುವ ಆಟ ಆಡಿಸುತ್ತಾರೆ. ನೆಟ್ಟ ಗೂಟಕ್ಕೆ ಎಷ್ಟು ದೂರದಿಂದ ರಿಂಗ್ ಎಸೆಯಬೇಕು ಎಂಬುದನ್ನು ಆಡುವವರೇ ತೀರ್ಮಾನಿಸಬೇಕು. ದೂರ ನಿಂತಷ್ಟೂ ಅಂಕ ಹೆಚ್ಚು, ಗುರಿ ತಪ್ಪುವ ಭಯವೂ ಹೆಚ್ಚು. ಕೆಲವರು ಗೂಟದ ಬುಡದಲ್ಲೇ ನಿಲ್ಲುತ್ತಾರೆ, ಕೆಲವರು ಗೋಡೆಗೆ ಒರಗುವಷ್ಟು ಹಿಂದೆ ಹೋಗುತ್ತಾರೆ. ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ: ನೀನು ಅಲ್ಲೇ ಯಾಕೆ ನಿಂತೆ? ಮೊದಲ ಸಲ ತಪ್ಪಿದಾಗ ಒಂದು ಹೆಜ್ಜೆ ಮುಂದೆ ಯಾಕೆ ಬರಲಿಲ್ಲ? ಮೇಷ್ಟರ ಮುಂದೆ ಬಾಯಿ ಬಿಡದವರೂ ಈ ಆಟದ ನೆಪದಲ್ಲಿ ತಮ್ಮ ಹೆದರಿಕೆಯನ್ನು ತಾವೇ ನೋಡಿಕೊಳ್ಳುತ್ತಾರೆ. ನಂತರ ಪೇಟೆಗೆ ಹೋಗಿ ಅಂಗಡಿಯವರನ್ನು ಮಾತಾಡಿಸುವುದು, ಬಂಡವಾಳದ ಲೆಕ್ಕ ಬರೆಯುವುದು, ಬ್ಯಾಂಕ್ ಸಾಲದ ಅರ್ಜಿ ತಯಾರು ಮಾಡುವುದು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆ ಅವರ ಬೆನ್ನಿಗೆ ಇರುತ್ತದೆ. ಸಾಲ ಸಿಕ್ಕಿತೇ, ಅಂಗಡಿ ತೆರೆದರೇ, ನಡೆಯುತ್ತಿದೆಯೇ ಎಂದು ವಿಚಾರಿಸುತ್ತದೆ.

ಈ ಎರಡು ವರ್ಷವೇ ರುಡ್‌ಸೆಟ್‌ನ ಜೀವ. ಬಡವರ ಮನೆಯಲ್ಲಿ ಹೊಸ ಕಸುಬು ಬೀಳುವುದು ಮೊದಲ ಕೆಲವು ತಿಂಗಳಲ್ಲೇ. ಗಿರಾಕಿ ದುಡ್ಡು ಬಾಕಿ ಇಡುತ್ತಾನೆ, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದು ಮೆಷಿನ್ ಅಡವು ಹೋಗುತ್ತದೆ, ಸಾಲದ ಕಂತು ತಪ್ಪುತ್ತದೆ. ಆ ಹೊತ್ತಿನಲ್ಲಿ ಒಂದು ಫೋನ್ ಕರೆ, ಬ್ಯಾಂಕಿನವರ ಹತ್ತಿರ ಒಂದು ಮಾತು ದೊಡ್ಡ ಆಸರೆ. ಈ ಮಾದರಿ ನೋಡಿಯೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಿಂದ ಜಿಲ್ಲೆಗೊಂದು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ತೆರೆಯುವುದಕ್ಕೆ ಮುಂದಾಯಿತು.

ಹಾಗಂತ ಇದರಲ್ಲಿ ಕೊರತೆಯೇ ಇಲ್ಲ ಎನ್ನಲಾರೆ. ಎಸಿ ರಿಪೇರಿಯನ್ನೇ ತೆಗೆದುಕೊಳ್ಳಿ. ಫಿಲ್ಟರ್ ತೊಳೆಯುವುದು, ಕೆಪಾಸಿಟರ್ ಬದಲಿಸುವುದನ್ನು ತಿಂಗಳಲ್ಲಿ ಕಲಿಯಬಹುದು. ಗ್ಯಾಸ್ ಸೋರುತ್ತಿದ್ದರೆ? ತಾಮ್ರದ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹಿಡಿಯಬೇಕು. ಬೆಸುಗೆ ಹಾಕಬೇಕು. ವ್ಯಾಕ್ಯೂಮ್ ಪಂಪ್ ಕಟ್ಟಿ ಪೈಪಿನೊಳಗಿನ ಗಾಳಿ, ತೇವ ಪೂರ್ತಿ ಎಳೆಯಬೇಕು. ಕೊನೆಗೆ ಗೇಜ್ ನೋಡುತ್ತ ಗ್ಯಾಸ್ ತುಂಬಬೇಕು. ಈಗಿನ ಎಸಿಗಳಲ್ಲಿರುವ ಆರ್-32 ಬೆಂಕಿ ಹತ್ತುವ ಗುಣದ್ದು, ಪೈಪಿನಲ್ಲಿ ಗ್ಯಾಸ್ ಉಳಿದಿರುವಾಗಲೇ ಬೆಂಕಿ ಹಿಡಿದರೆ ಪ್ರಾಣಕ್ಕೇ ಅಪಾಯ. ಪಂಪ್ ಇಲ್ಲದ ಹುಡುಗ ಆ ಹಂತ ಹಾರಿಸಿಬಿಡುತ್ತಾನೆ, ಒಳಗುಳಿದ ತೇವ ಕಂಪ್ರೆಸರನ್ನು ತಿನ್ನುತ್ತದೆ, ಹೆಸರು ಕೆಡುವುದು ಹುಡುಗನದು. ಇದೇ ಕೆಲಸಕ್ಕೆ ಐಟಿಐನಲ್ಲಿ ಎರಡು ವರ್ಷದ ಕೋರ್ಸ್ ಇದೆ. ಆರ್‌ಸೆಟಿಯ ಮೂವತ್ತು ದಿನದ ಶಿಬಿರ ಧೈರ್ಯ ಕೊಡುತ್ತದೆ, ಕೈ ಪಳಗಲು ಅದು ಸಾಲದು. ಹುಡುಗಿಯರ ವಿಷಯದಲ್ಲಿ ನನ್ನ ಬೇಸರ ಇನ್ನೂ ಹೆಚ್ಚು. ಹೊಲಿಗೆ, ಬ್ಯೂಟಿ ಪಾರ್ಲರ್ ಎಂಬ ಎರಡು ಬಾಗಿಲು ಬಿಟ್ಟು ಮೂರನೆಯದನ್ನು ತಟ್ಟಲು ನಮ್ಮ ಕೇಂದ್ರಗಳು ಈಗಲೂ ಹಿಂಜರಿಯುತ್ತವೆ. ಹಗಲು ಹೊತ್ತು ಹೆಂಗಸರೇ ಇರುವ ಮನೆಗಳಿಗೆ ಎಲೆಕ್ಟ್ರಿಷಿಯನ್ ಆಗಿ ಒಬ್ಬ ಹೆಣ್ಣುಮಗಳು ಬಂದರೆ ಬೇಡ ಎನ್ನುವವರು ಯಾರು?

ಆಳವಾಗಿ ಕಲಿಸುವವರು ನಮ್ಮಲ್ಲಿ ಇಲ್ಲವೆಂದಲ್ಲ. ಬಿಡದಿಯಲ್ಲಿ 2007ರಿಂದ ನಡೆಯುತ್ತಿರುವ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ತೆಗೆದುಕೊಂಡು ಮೂರು ವರ್ಷ ಜೊತೆಗಿಟ್ಟುಕೊಂಡು ತಯಾರು ಮಾಡುತ್ತದೆ. ಪೀಣ್ಯದ ಎನ್‌ಟಿಟಿಎಫ್‌ನಲ್ಲಿ ಕಲಿತವರಿಗೆ ಟೂಲ್‌ರೂಮುಗಳಲ್ಲಿ ಇರುವ ಬೆಲೆ ಎಲ್ಲರಿಗೂ ಗೊತ್ತು. ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ಯಂತ್ರಗಳೊಂದಿಗೆ 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. ಇವೆಲ್ಲ ಬೇಕು. ಆದರೆ ಎಂಟನೆಯ ತರಗತಿಗೆ ಶಾಲೆ ಬಿಟ್ಟು ಗಾರೆ ಕಲಸುತ್ತಿರುವ ಹುಡುಗ ಬಿಡದಿಯ ಆ ಗೇಟಿನವರೆಗೂ ಹೋಗಲಾರ, ಮತ್ತು ಇಂಥ ಸಂಸ್ಥೆಗಳ ಮುಖ ಇರುವುದು ಕಾರ್ಖಾನೆಯ ಕೆಲಸದ ಕಡೆಗೆ.

ಬ್ರೂಕ್‌ಫೀಲ್ಡ್‌ನ ಹುಡುಗ ಸಿಕ್ಕಿಹಾಕಿಕೊಂಡಿರುವುದು ಆ ಚಿಕ್ಕ ಶಿಬಿರ, ಈ ದೊಡ್ಡ ಸಂಸ್ಥೆ ಇವೆರಡರ ನಡುವಿನ ಸಂದಿಯಲ್ಲಿ. ಕೆನರಾ ಬ್ಯಾಂಕಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಹೊಸಕೋಟೆ ತಾಲ್ಲೂಕಿನ ಸೊಣ್ಣಹಳ್ಳಿಪುರದಲ್ಲಿದೆ, ಇಲ್ಲಿಂದ ದೂರವೇನಲ್ಲ. ಆದರೆ ಹೆಸರೇ ಹೇಳುವಂತೆ ಅದು ಗ್ರಾಮೀಣರಿಗೆ. ಹುಡುಗನ ರೇಷನ್ ಕಾರ್ಡ್ ಸುರಪುರದ ಕಡೆಯ ಹಳ್ಳಿಯಲ್ಲಿ, ದುಡಿಮೆ ಕುಂದಲಹಳ್ಳಿಯಲ್ಲಿ. ತರಬೇತಿಗೆ ಸೇರಿಸಿಕೊಂಡರೂ ಸಾಲದ ಅರ್ಜಿ ಯಾವ ಬ್ಯಾಂಕಿಗೆ? ಊರಿನ ಶಾಖೆಯವರು ಅಂಗಡಿ ಎಲ್ಲಿದೆ ಎನ್ನುತ್ತಾರೆ, ಇಲ್ಲಿನವರು ವಿಳಾಸದ ದಾಖಲೆ ಕೇಳುತ್ತಾರೆ. ಒಂದು ತಿಂಗಳು ಶಿಬಿರದಲ್ಲಿ ಕೂತರೆ ಆ ತಿಂಗಳ ಕೂಲಿ ಹೋಯಿತು, ಬಾಡಿಗೆ ಕಟ್ಟುವವರು ಯಾರು?

ಸಲಕರಣೆಯ ಕಥೆಯೂ ಹೀಗೇ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆ ಸಲಕರಣೆಗೆಂದೇ 15,000 ರೂಪಾಯಿ ಕೊಡುತ್ತದೆ, ಶೇ 5ರ ಬಡ್ಡಿಯಲ್ಲಿ ಸಾಲವನ್ನೂ ಕೊಡುತ್ತದೆ. ಕಸುಬುದಾರನ ಕೈಗೆ ಮೊದಲು ಸಲಕರಣೆ ಸೇರಬೇಕು ಎಂಬ ತಿಳಿವಳಿಕೆ ಈ ಯೋಜನೆಯಲ್ಲಿದೆ, ಅದನ್ನು ಮೆಚ್ಚುತ್ತೇನೆ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರ, ಕುಂಬಾರ, ದೋಣಿ ಕಟ್ಟುವವರು, ದರ್ಜಿ, ಗಾರೆಯವರು ಇದ್ದಾರೆ. ಎಲೆಕ್ಟ್ರಿಷಿಯನ್ ಇಲ್ಲ, ಪ್ಲಂಬರ್ ಇಲ್ಲ, ಎಸಿ ಮೆಕ್ಯಾನಿಕ್ ಇಲ್ಲ. ಹೊರವಲಯದ ಬೆಂಗಳೂರಿನಲ್ಲಿ ಬಡವರ ಮಕ್ಕಳು ನಿಜವಾಗಿ ಮಾಡುತ್ತಿರುವ ಕೆಲಸಗಳು ಇವೇ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಉಜಿರೆಯ ಪದ್ಧತಿ ಸರಿ, ಅದು ನಗರದ ಅಂಚಿಗೆ ಬರಬೇಕು. ಹಗಲು ದುಡಿಯುವವರಿಗೆ ಸಂಜೆ ಮತ್ತು ಭಾನುವಾರದ ಪಾಠ, ಮೂವತ್ತು ದಿನದ ಬದಲು ಆರು ತಿಂಗಳು. ಪಳಗಿದ ಮೆಕ್ಯಾನಿಕ್ ಜೊತೆ ಹೋಗಿ ಕಲಿಯುವ ವ್ಯವಸ್ಥೆ, ಬಾಡಿಗೆಗೆ ಪಂಪ್, ಗೇಜ್ ಸಿಗುವ ಒಂದು ಕೋಣೆ, ಇಲ್ಲಿನ ಬ್ಯಾಂಕ್ ಶಾಖೆಯಿಂದಲೇ ಸಾಲ, ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವ ಜನ. ಐಟಿಪಿಎಲ್ ರಸ್ತೆಯುದ್ದಕ್ಕೂ ಇರುವ ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಇದು ಭಾರವಲ್ಲ. ಆರ್‌ಸೆಟಿಯ ನಿಯಮವನ್ನು ನಗರದ ವಲಸೆ ಕುಟುಂಬಗಳಿಗೂ ಹಿಗ್ಗಿಸಲು ಸರ್ಕಾರ ಮನಸ್ಸು ಮಾಡಬೇಕು. ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ ಇದೆ. ಮುಂದಿನ ವರ್ಷದ ಎಸಿ ಸರ್ವಿಸ್ ಗುತ್ತಿಗೆಯಲ್ಲಿ ಒಂದು ಬ್ಲಾಕನ್ನಾದರೂ ಕುಂದಲಹಳ್ಳಿಯ ಹುಡುಗರಿಗೆ ನೇರವಾಗಿ ಕೊಡಿ, ಬಿಲ್ಲಿನ ಹಣವನ್ನು ಅದೇ ವಾರ ಪಾವತಿ ಮಾಡಿ.